ಅಬ್ದೋನನನ್ನು ಸತ್ತವರ ಜೊತೆ ಓದಿದ ದಿನ

ದೊಡ್ಡವರ ಬದುಕು ಎಷ್ಟು ಅಚ್ಚುಕಟ್ಟು! ಅಯಾಕುಚೊ ಸೀಮೆಯ ಆ ಸಣ್ಣ ಪಟ್ಟಣದ ರೇಡಿಯೋದಲ್ಲಿ ಲಿಯೊನ್ಸಿಯೊ ದಿನಾ ಬೆಳಿಗ್ಗೆ ‘ಇದೇ ದಿನ’ ಓದುತ್ತಾನೆ. ಇಂಥ ಸೇನಾಪತಿ ಇದೇ ದಿನ ಯುದ್ಧ ಗೆದ್ದ, ಇಂಥ ಅಧ್ಯಕ್ಷ ಹುಟ್ಟಿದ, ಇಂಥ ಬಿಷಪ್ಪರು ತೀರಿಕೊಂಡರು. ಅವರಿಗೆಲ್ಲ ಹುಟ್ಟಿದ ದಿನವೂ ಉಂಟು, ಸತ್ತ ದಿನವೂ ಉಂಟು. ಆಮೇಲೆ ಊರವರ ಸರದಿ: ಮೊದಲು ಹುಟ್ಟುಹಬ್ಬದವರು, ಕೊನೆಗೆ ಸತ್ತವರು.

ಜುಲೈ ಮೂವತ್ತು ಬಂತೆಂದರೆ ಫೋರ್ತುನಾತಾ ಮುದುಕಿ ರೇಡಿಯೋ ಬಾಗಿಲಲ್ಲಿ ಹಾಜರು. ಅದು ಸಂತ ಅಬ್ದೋನನ ದಿನ. ಅಂದು ಹುಟ್ಟಿದ ಮಗನಿಗೆ ಕ್ಯಾಲೆಂಡರಿನಲ್ಲಿದ್ದ ಆ ಹೆಸರನ್ನೇ ಇಟ್ಟಿದ್ದಳು. ಒಳಯುದ್ಧದ ಕಾಲದಲ್ಲಿ, ಅವನಿಗೆ ಹತ್ತೊಂಬತ್ತಾಗಿದ್ದಾಗ, ಸೈನಿಕರು ಅವನನ್ನು ಲಾರಿಗೆ ಹತ್ತಿಸಿಕೊಂಡು ಹೋದರು. ಹೆಣವೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಅಂದಿನಿಂದ ಪ್ರತಿ ವರ್ಷ ಅವನ ಹೆಸರನ್ನು ಹುಟ್ಟುಹಬ್ಬದವರ ಜೊತೆ ಓದಿಸುತ್ತ ಬಂದಿದ್ದಳು.

ಲಿಯೊನ್ಸಿಯೊ ಶಾಲೆಯಲ್ಲಿ ಅಬ್ದೋನನ ಜೊತೆ ಓದಿದವನು. ಈ ವರ್ಷವೂ ಮುದುಕಿಯನ್ನು ಕಂಡೊಡನೆ ಕುರ್ಚಿ ಎಳೆದು ಹಾಕಿದ.

“ಬಾ ಅವ್ವ. ಎಂದಿನ ಹಾಗೇ ತಾನೇ? ಅಬ್ದೋನ, ನೀನಿಲ್ದೆ ನಮ್ ಟೀಮು ಸೋತು ಸುಣ್ಣ ಆಗಿದೆ, ಬೇಗ ಬಾರೋ ಅಂತ ಕರೀತೀನಿ.”

“ಬೇಡ. ಈ ಸಲ ಸತ್ತೋರ ಜೊತೆ ಓದು.”

ಅವನ ನಗು ಅಲ್ಲೇ ನಿಂತಿತು. “ಯಾಕವ್ವ? ಏನಾದ್ರೂ ಸಿಕ್ತಾ?”

“ಏನೂ ಸಿಕ್ಕಿಲ್ಲ. ನವೆಂಬರಲ್ಲಿ, ಸತ್ತೋರ ಹಬ್ಬದ ದಿನ, ಅವ್ರೆಲ್ಲ ಮನೆಗೆ ಬಂದಾಗ ಎಲ್ಲಾರ್ಗೂ ಎಡೆ ಇಡ್ತೀನಿ, ಅವ್ನೊಬ್ನಿಗೆ ಬಿಟ್ಟು. ಬದುಕಿರೋನಿಗೆ ಎಡೆ ಇಟ್ರೆ ಸಾವನ್ನ ಕರೆದ ಹಾಗೆ, ನಿಂಗೂ ಗೊತ್ತು. ಆದ್ರೆ ಕರ್ಕೊಂಡ್ ಹೋದ ದಿನಾನೇ ಸತ್ತಿದ್ರೆ? ಇಷ್ಟು ವರ್ಷ ಬಂದು ಬಂದು, ತನ್ನ ತಟ್ಟೆ ಕಾಣ್ದೆ ಹಸ್ಕೊಂಡು ಹೋಗಿರ್ತಾನಲ್ಲೋ! ಊರಿಗೆ ಹೇಳ್ದೆ ಕದ್ದು ಇಡೋಕೂ ಆಗಲ್ಲ. ನಾನು ಹೋದ್ಮೇಲೆ ಅವ್ನಿಗೆ ಎಡೆ ಇಡೋಕೆ ಯಾರಿದಾರೆ? ಊರಿಗೆ ಗೊತ್ತಿದ್ರೆ ಯಾರಾದ್ರೂ ಇಟ್ಟಾರು.”

“ಯಾವತ್ತು ಸತ್ತ ಅಂತ ಓದ್ಲಿ?” ಕೇಳಿದ ಮೇಲೆ ಲಿಯೊನ್ಸಿಯೊಗೆ ತನ್ನ ಮೇಲೇ ಸಿಟ್ಟು ಬಂತು.

“ನಂಗೆ ಗೊತ್ತಿರೋದು ಹುಟ್ಟಿದ ದಿನ ಒಂದೇ ಕಣಪ್ಪ. ಅದನ್ನೇ ಹೇಳು.”

ಸೇನಾಪತಿಯ ಸರದಿ ಮುಗಿಯಿತು, ಬಿಷಪ್ಪರದು ಮುಗಿಯಿತು, ಹುಟ್ಟುಹಬ್ಬದವರದೂ ಮುಗಿಯಿತು. ಕೊನೆಗೆ ಲಿಯೊನ್ಸಿಯೊ, ಫೋರ್ತುನಾತಾಳ ಮಗ ಅಬ್ದೋನನ ಆತ್ಮಕ್ಕಾಗಿ ಪ್ರಾರ್ಥಿಸಿ ಎಂದ. ಮುದುಕಿಗೆ ಅಳು ಬರಲಿಲ್ಲ. ಸೈನಿಕರು ಕೊಂದಿದ್ದರೋ ಇಲ್ಲವೋ, ತಾನಂತೂ ಈಗ ಮಗನನ್ನು ಕೈಯಾರೆ ಕೊಂದೆ ಎನಿಸಿತು. ಮೈಕನ್ನು ತನ್ನತ್ತ ಎಳೆದುಕೊಂಡಳು.

“ಅಬ್ದೋನ, ನಾನು ಕಣೋ, ನಿಮ್ಮವ್ವ. ಸತ್ತಿದ್ರೆ ನವೆಂಬರಿಗೆ ಬಾ, ಆಲೂಗಡ್ಡೆ ಸಾರು ಮಾಡಿಟ್ಟಿರ್ತೀನಿ. ಬದುಕಿದ್ರೆ ಮಾತ್ರ ಈಗ್ಲೇ ಬಾ. ಇರೋ ಮಗನ್ನ ಸಾಯಿಸಿದ್ಯಲ್ಲೇ ಅಂತ ಬಾಯಿಗೆ ಬಂದ ಹಾಗೆ ಬೈಯೋ.”

ಲಿಯೊನ್ಸಿಯೊ ಹಾಡು ಹಾಕಲಿಲ್ಲ. ಇಬ್ಬರೂ ಬಾಗಿಲನ್ನೇ ನೋಡುತ್ತ ಕುಳಿತರು. ಬೈಯುವುದಕ್ಕೆ ಯಾರೂ ಬರಲಿಲ್ಲ.