ಫೆಬ್ರವರಿ ಮೂವತ್ತೊಂದು

ಬಸ್ಸಿನಲ್ಲಿ ಜನ ಮರೆತುಹೋದ ಸಾಮಾನನ್ನು ಕಾಯ್ದಿಡುವ ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ತಾರೀಖಕ್ಕ ಎಂದೇ ಕರೆಯುತ್ತಿದ್ದರು. ಕೊಡೆಯೋ ಚೀಲವೋ ಊರುಗೋಲೋ, ಸಿಕ್ಕಿದ್ದನ್ನು ಒಂದು ತಿಂಗಳು ಇಟ್ಟುಕೊಂಡು ಆಮೇಲೆ ಸಾಗಹಾಕುವುದು ಅಲ್ಲಿಯ ನಿಯಮ. ಸಿಕ್ಕ ದಿನ ಹಾಕಿದರೆ ಕೊನೆಯ ದಿನವನ್ನು ತಾನೇ ಎಣಿಸಿ, ಕಳೆದುಹೋಯಿತೆಂದು ನಂಬರು ಕೊಟ್ಟವರ ಫೋನಿಗೆ ಚೀಟಿ ಕಳಿಸುವ ವೆಬ್ ಪುಟ ಅವಳ ಕೈಯದ್ದು. ಎಣಿಕೆಗೆ ಅವಳು ಬರೆದದ್ದು ಒಂದೇ ಸಾಲು: ಈ ದಿನಕ್ಕೆ ಒಂದು ತಿಂಗಳು ಕೂಡಿಸು. ಹಿಂದಕ್ಕೆ ಹೋಗಬೇಕಾದರೆ ಕಳೆ ಎಂದರಾಯಿತು. ಅಷ್ಟು ಸಲೀಸು.

ಉಗ್ರಾಣದವನು ಹಾಗಲ್ಲ. ಅವನು ಗೋಡೆಯ ಕ್ಯಾಲೆಂಡರ್ ನೋಡಿ ಕಪಾಟು ಖಾಲಿ ಮಾಡುವವನು. ಹೋದ ವರ್ಷ ಯಾರೋ ಆಗಸ್ಟ್ ಮೂವತ್ತೊಂದರ ಕೊಡೆಗೆ ಅಕ್ಟೋಬರ್ ಒಂದರ ಚೀಟಿ ತಂದಾಗ ಅವನು ನಗುತ್ತಾ ಬಂದಿದ್ದ.

“ತಾರೀಖಕ್ಕಾ, ನಿನ್ನ ಸೆಪ್ಟೆಂಬರಿಗೆ ಮೂವತ್ತೊಂದು ದಿನಾನಾ?”

ಒಂದು ದಿನ ತಾನೇ, ಹೆಚ್ಚಾದರೆ ಯಾರಿಗೇನು ನಷ್ಟ ಎಂದು ಅವಳೂ ನಕ್ಕಿದ್ದಳು. ನಾಳೆ ನೋಡುತ್ತೇನೆ ಅಂದಿದ್ದಳು. ಕೊಡೆ ಇನ್ನೂ ಅಲ್ಲೇ ಇತ್ತು, ಕೊಟ್ಟು ಕಳಿಸಿದರು. ಆ ನಾಳೆ ಬರಲೇ ಇಲ್ಲ.

ಮಾರ್ಚ್ ಎರಡರ ಬೆಳಿಗ್ಗೆ ಒಬ್ಬ ಮುದುಕ ದರ್ಜಿ ಕುಂಟುತ್ತಾ ಬಂದ. ಜನವರಿ ಮೂವತ್ತೊಂದರಂದು ಬಸ್ಸಿನಲ್ಲಿ ಬಿಟ್ಟ ಬಟ್ಟೆ ಚೀಲ ಅವನದು. ಒಳಗೆ ಬಟ್ಟೆ ಇರಲಿಲ್ಲ, ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಂದು ಕಾಗದದ ಅಳತೆಗಳಿದ್ದವು. ತೋಳು, ಕಾಲರು, ಕಿಸೆ, ಎಲ್ಲವನ್ನೂ ಕತ್ತರಿಸಿದ್ದು ತೀರಿಹೋದ ಹೆಂಡತಿ. ಒಂದೊಂದರ ಮೇಲೂ ಅವಳದೇ ಅಕ್ಷರ: ‘ಇಲ್ಲಿ ಬಿಗಿ ಮಾಡಬೇಡಿ’, ‘ಈ ಮಹರಾಯನಿಗೆ ಎಡ ಭುಜ ಇಳಿಜಾರು’.

ಉಗ್ರಾಣದವನು ಮುಖ ಇಳಿಬಿಟ್ಟು ಬಂದ. ಫೆಬ್ರವರಿ ಇಪ್ಪತ್ತೆಂಟಕ್ಕೆ ತಿಂಗಳು ಮುಗಿದಿತ್ತು. ಕಾಗದವೆಲ್ಲ ರದ್ದಿಯ ಜೊತೆ ಗಿರಣಿಗೆ ಹೋಗಿ ಅರೆದು ಮುದ್ದೆಯಾಗಿತ್ತು. ಅವತ್ತೇ ಹೇಳಿದ್ದೆನಲ್ಲ, ಸರಿ ಮಾಡಿರುತ್ತೀಯ ಅಂದುಕೊಂಡೆ ಎಂದು ಅವಳಿಗಷ್ಟೇ ಕೇಳುವ ಹಾಗೆ ಅಂದ.

ದರ್ಜಿ ಫೋನು ಮುಂದೆ ಹಿಡಿದ. ಮಾರ್ಚ್ ಮೂರು ಎಂದೇ ಇತ್ತು. ತಿಂಗಳಿಡೀ ಕಾಲು ನೋವಿನಿಂದ ಮಲಗಿದ್ದನಂತೆ. ಮೂರನೇ ತಾರೀಖಿನವರೆಗೆ ಇದೆಯಲ್ಲ ಎಂದು ಮಗಳನ್ನೂ ಕಳಿಸದೆ, ತಾನೇ ನೋಡಿ ತರಬೇಕೆಂದು ಕಾದಿದ್ದನಂತೆ.

ಅವಳು ಏನನ್ನೂ ಮುಚ್ಚಿಡಲಿಲ್ಲ. ಒಂದು ತಿಂಗಳು ಕೂಡಿಸು ಎಂದರೆ ಯಂತ್ರ ಮೊದಲು ಫೆಬ್ರವರಿ ಮೂವತ್ತೊಂದು ಎನ್ನುತ್ತದೆ, ಅಂಥ ದಿನ ಇಲ್ಲದ್ದರಿಂದ ಹೆಚ್ಚಾದ ಮೂರು ದಿನವನ್ನು ಮಾರ್ಚಿಗೆ ಸುರಿಯುತ್ತದೆ, ಅದು ತನಗೆ ಗೊತ್ತಿತ್ತು, ತಿದ್ದಲಿಲ್ಲ ಎಂದಳು.

ದರ್ಜಿ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

“ನಿಮ್ಮ ಮಿಷನ್‌ನಲ್ಲಿ ಹಿಂದಕ್ಕೂ ಹೋಗ್ಬೋದಾ ತಾಯಿ?”

“ಹೋಗ್ಬೋದು ಯಜಮಾನ್ರೇ. ತಾರೀಖು ಮಾತ್ರ.”

“ಇವತ್ತಿಂದ ಮೂರು ದಿನ ಹೋಗಿ, ನೋಡೋಣ.”

ಅವಳು ಕಳೆ ಎಂದು ಬರೆದಳು. ಪರದೆಯ ಮೇಲೆ ಫೆಬ್ರವರಿ ಇಪ್ಪತ್ತೇಳು ಎಂದು ಬಂತು. ಅವನು ಕನ್ನಡಕ ಏರಿಸಿಕೊಂಡು, ಸೂಜಿಗೆ ದಾರ ಪೋಣಿಸುವವನ ಹಾಗೆ ಬಗ್ಗಿ ನೋಡಿದ.

“ಅವತ್ತು ಇತ್ತು ಅಲ್ವಾ?”

“ಇತ್ತು. ಕೆಳಗಿನ ಕಪಾಟಿನಲ್ಲಿ.”

ಸರಿ ಎಂಬಂತೆ ತಲೆಯಾಡಿಸಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದ. ಅವನ ಅಂಗಿಯ ಎಡ ಭುಜ ಮಾತ್ರ ಎಲ್ಲೂ ಎಳೆಯದೆ ನೀಟಾಗಿ ಕೂತಿತ್ತು.

ಆ ತಿಂಗಳಲ್ಲಿ ಆ ದಿನ ಇಲ್ಲದಿದ್ದರೆ ತಿಂಗಳ ಕೊನೆಯ ದಿನವನ್ನೇ ತೆಗೆದುಕೋ. ಇಷ್ಟನ್ನು ಬರೆದು ಪರೀಕ್ಷಿಸಲು ಅವಳಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಹುಡುಕಿದರೆ ಜನವರಿ ಮೂವತ್ತೊಂದರ ಚೀಟಿಗಳು ಇನ್ನೂ ಏಳು ಇದ್ದವು. ಯಾರ ಸಾಮಾನೂ ಈಗ ಇಲ್ಲ. ಅವರಿಗೆಲ್ಲ ನಾನು ಹೇಳುತ್ತೇನೆ ಅಂದ ಉಗ್ರಾಣದವನು. ಬೇಡ ಎಂದು ಅವಳೇ ಮೊದಲ ನಂಬರು ಒತ್ತಿದಳು.

ಕಚೇರಿಯ ಹೆಸರು ಕೇಳಿದ್ದೇ ಆ ಕಡೆಯ ಹೆಂಗಸಿಗೆ ಖುಷಿಯಾಯಿತು. “ಜ್ಞಾಪಿಸೋಕೆ ಮಾಡಿದ್ರಾ? ನಾಳೆವರೆಗೂ ಟೈಮ್ ಇದೆಯಲ್ಲಮ್ಮ. ನಾಳೆ ಬಂದುಬಿಡ್ತೀನಿ.”