ಯಾರದೋ ಪಾಳಿ

“ಅದನ್ನೂ ಒಂಚೂರು ಮುಂದಕ್ಕೆ ತಳ್ಳಮ್ಮ,” ಎಂದ ಹಿಂದೆ ನಿಂತಿದ್ದ ಗಾರೆಯವನು.

ಸೊಸೆ ಬಲಗಾಲಿನ ಹೆಬ್ಬೆರಳಿನಿಂದ ತನ್ನ ಮುಂದಿದ್ದ ಕಂದು ಚಪ್ಪಲಿಯ ಜೋಡಿಯನ್ನು ತಳ್ಳಿದಳು. ಅದು ಸರ್ರೆಂದು ಸರಿದು ಮುಂದಿನ ಜೋಡಿಯ ಹಿಮ್ಮಡಿಗೆ ತಾಗಿ ನಿಂತಿತು. ಆಮೇಲೆ ಅತ್ತೆಯ ನೀಲಿ ಹವಾಯಿಯನ್ನು ತಳ್ಳಿದಳು. ಅವಳ ಹಿಂದೆ ಗಾರೆಯವನು ತನ್ನ ಹೆಂಡತಿಯ ಚಪ್ಪಲಿಯನ್ನು ತಳ್ಳಿದ. ಕಾರಿಡಾರಿನ ಉದ್ದಕ್ಕೂ ಸರ್ರ್ ಸರ್ರ್ ಎನ್ನುವ ಸದ್ದು ಹರಿದು ಹೋಗಿ ಆಚೆ ತುದಿಯ ತಿರುವಿನಲ್ಲಿ ಅಡಗಿತು.

ಆ ದೊಡ್ಡಾಸ್ಪತ್ರೆಯಲ್ಲಿ ಪಾಳಿ ಹಿಡಿಯುತ್ತಿದ್ದುದು ಮನುಷ್ಯರಲ್ಲ, ಚಪ್ಪಲಿಗಳು. ನಿಲ್ಲಲು ತ್ರಾಣವಿಲ್ಲದ ರೋಗಿಗಳು ಗೋಡೆಬದಿಯ ಬೆಂಚಿನ ಮೇಲೆ, ಬೆಂಚು ಸಿಗದವರು ನೆಲದ ಮೇಲೆ ಕೂತಿರುತ್ತಿದ್ದರು. ಅವರ ಕಡೆಯವರು ನೀರಿಗೆ, ಔಷಧಿಗೆ, ಸಹಿಗೆ ಎಂದು ಮಹಡಿಯಿಂದ ಮಹಡಿಗೆ ಓಡುತ್ತಿರುತ್ತಿದ್ದರು. ಸಾಲು ಮಾತ್ರ ಕಾಲಿಲ್ಲದೆಯೇ ನಿಂತು, ಕಾಲಿಲ್ಲದೆಯೇ ನಡೆಯುತ್ತಿತ್ತು. ಇದು ಯಾರು ಮಾಡಿದ ಕಾನೂನೋ ಯಾರಿಗೂ ಗೊತ್ತಿಲ್ಲ. ಸರ್ಕಾರದ ಕಾನೂನಿಗೆ ಕ್ಯಾರೇ ಅನ್ನದವರು ಕೂಡ ಈ ಚಪ್ಪಲಿ ಕಾನೂನಿಗೆ ತಲೆಬಾಗುತ್ತಿದ್ದರು. ಯಾಕೆಂದರೆ ಈಗ ನೀವು ಇನ್ನೊಬ್ಬರ ಚಪ್ಪಲಿ ದಾಟಿದರೆ, ನೀವು ಕಕ್ಕಸಿಗೆ ಹೋದಾಗ ನಿಮ್ಮದನ್ನು ದಾಟುವವರು ಇದ್ದೇ ಇರುತ್ತಾರೆ. ಹೊಟ್ಟೆಯೊಳಗಿನ ಭಯಕ್ಕಿಂತ ದೊಡ್ಡ ಪೊಲೀಸು ಯಾವನಿದ್ದಾನೆ?

ಅತ್ತೆ ಬೆಂಚಿನ ತುದಿಯಲ್ಲಿ ಬರಿಗಾಲಲ್ಲಿ ಕೂತಿದ್ದಳು. ಒಂದು ಕಾಲಕ್ಕೆ ಇಸ್ತ್ರಿ ಅಂಗಡಿಯ ಬಾಗಿಲಲ್ಲಿ ನಿಂತು ಕೂಗಿದರೆ ಬೀದಿಯ ಕೊನೆ ಮನೆಯವರು ಬಟ್ಟೆಗಂಟು ಹಿಡಿದು ಓಡಿ ಬರಬೇಕು, ಅಂಥ ಕಂಠ. ಈಗ ಗಂಟಲಲ್ಲಿ ಏನೋ ಬೆಳೆದು ಕಂಠ ಹೋಗಿ ಪಿಸುಮಾತು ಉಳಿದಿತ್ತು. ಬೈಸಿಕೊಳ್ಳಬೇಕಾದರೂ ಸೊಸೆ ಕಿವಿಯನ್ನು ಹತ್ತಿರ ಒಯ್ಯಬೇಕಾಗಿತ್ತು. ಗಂಟಲಿನ ಡಾಕ್ಟರು ವಾರಕ್ಕೆ ಒಂದೇ ದಿನ ಕೂರುವುದು. ಹೋದ ವಾರ ಇವರು ಬಾಗಿಲು ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿತ್ತು. ಅಲ್ಲಿಂದೀಚೆಗೆ ಹಾಲಲ್ಲಿ ನೆನೆಸಿದ ಬ್ರೆಡ್ಡು ಇಳಿಯುವುದು ನಿಂತಿತು, ಆಮೇಲೆ ಬರೀ ಹಾಲೂ ನಿಂತಿತು. ನಿನ್ನೆಯಿಂದ ಚಮಚದಲ್ಲಿ ಕೊಟ್ಟ ನೀರು ಕೂಡ ಅರ್ಧ ಮೂಗಿನಿಂದ ವಾಪಸ್ಸು. ಗಂಡ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಇವತ್ತು ಒಳಗೆ ಹೋಗದಿದ್ದರೆ ಇನ್ನೊಂದು ವಾರಕ್ಕೆ ಅತ್ತೆ ಇರುವುದಿಲ್ಲ ಎನ್ನುವುದು ಸೊಸೆಗೆ ಯಾರೂ ಹೇಳದೆಯೇ ಗೊತ್ತಿತ್ತು.

“ಈ ಕಂದು ಚಪ್ಪಲಿ ಯಾರದಣ್ಣ? ಬೆಳಗ್ಗಿಂದ ನಾನೇ ತಳ್ತಾ ಇದ್ದೀನಿ, ಒಬ್ಬರೂ ಬಂದು ನೋಡಲಿಲ್ಲ,” ಎಂದಳು ಗಾರೆಯವನಿಗೆ.

ಅವನು ಕತ್ತು ಚಾಚಿ ಚಪ್ಪಲಿಯನ್ನು ನೋಡಿದ. “ಹೋದ ವಾರ ನನ್ನ ಮುಂದೆ ಇತ್ತು,” ಎಂದ.

“ಇದೇ ಚಪ್ಪಲಿನಾ?”

“ಇದೇ. ನಾನೇ ತಳ್ಳಿದ್ದೆ. ಬಾಗಿಲ ತನಕ ಬಂತು, ಜವಾನ ಕೂಗಿದ, ಯಾರೂ ಬರಲಿಲ್ಲ. ಡಾಕ್ಟರು ಎದ್ದು ಹೋದ್ರು.”

“ದಾಟಿ ಹೋಗಬಾರದಿತ್ತಾ?”

“ಹೆಂಗಮ್ಮ ದಾಟೋದು? ಅವರ ಪಾಳಿ ಅಲ್ವಾ. ಎಲ್ಲೋ ಹೋಗಿರ್ತಾರೆ, ಬರ್ತಾರೆ ಅಂತ ಕಾದೆ.” ಅವನು ಸಾಲಿನಾಚೆ ಗೋಡೆಗೊರಗಿ ಕಣ್ಣು ಮುಚ್ಚಿದ್ದ ಹೆಂಡತಿಯ ಕಡೆ ನೋಡಿದ. “ಕಸ ಗುಡಿಸೋಳು ಹೇಳ್ತಾಳೆ, ದಿನಾ ಸಂಜೆ ಇದನ್ನ ಎತ್ತಿ ಮೂಲೆಗಿಡ್ತಾಳಂತೆ. ಬೆಳಗ್ಗೆ ಬಂದವರು ಯಾರೋ ಪಾಪ, ಯಾರದೋ ಮರೆತುಹೋಗಿದೆ ಅಂತ ಸಾಲಲ್ಲಿ ಬಿಡ್ತಾರಂತೆ. ಎಸೆಯೋಕೆ ಮನಸ್ಸು ಬರಲ್ವಂತೆ ಅವಳಿಗೆ.”

ಸೊಸೆ ಬಗ್ಗಿ ನೋಡಿದಳು. ಹೆಂಗಸಿನದೂ ಆಗಬಹುದು, ಗಂಡಸಿನದೂ ಆಗಬಹುದು. ಹೆಬ್ಬೆರಳು ಒತ್ತುವ ಕಡೆ ಕಪ್ಪಗೆ ಗುಳಿ ಬಿದ್ದಿತ್ತು, ಪಟ್ಟಿಯ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಇಷ್ಟು ದಿನ ಜನ ತುಳಿಯುವ ಜಾಗದಲ್ಲಿದ್ದ ಚಪ್ಪಲಿಯ ಮೇಲೆ ಒಂದು ಚೂರು ಧೂಳಿರಲಿಲ್ಲ. ಅವಳಿಗೆ ಮೈ ಜುಂ ಎಂದಿತು. ಇದೇನು ಹುಚ್ಚು, ಹೊಟ್ಟೆಗಿಲ್ಲದಿದ್ದರೆ ಹಗಲೇ ದೆವ್ವ ಕಾಣುತ್ತದೆ ಎಂದು ತನ್ನನ್ನೇ ಬೈದುಕೊಂಡಳು.

ಅಷ್ಟರಲ್ಲಿ ಬಾಗಿಲ ಜವಾನ ಹೊರಗೆ ಬಂದ. ಸೊಂಟದ ಮೇಲೆ ಕೈಯಿಟ್ಟು ಸಾಲನ್ನು ನೋಡುತ್ತ, ಬಾಯಲ್ಲೇ ಲೆಕ್ಕ ಹಾಕುತ್ತ ನಡೆದು ಬಂದು, ಸೊಸೆಯ ಮುಂದೆ ನಿಂತ. ಅತ್ತೆಯ ನೀಲಿ ಹವಾಯಿಗೂ ಕಂದು ಜೋಡಿಗೂ ನಡುವೆ ತನ್ನ ಬೂಟುಗಾಲನ್ನು ಅಡ್ಡ ಇಟ್ಟ.

“ಇಲ್ಲಿವರೆಗೆ. ಹಿಂದಿನವರು ಮುಂದಿನ ವಾರ ಬನ್ನಿ.”

ಹಿಂದೆ ಗೊಣಗಾಟ ಎದ್ದಿತು. ಜವಾನ ಅದನ್ನು ದಿನಾ ಕೇಳುವವನು. ಸಾಲಿನ ಮುಂದಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಹಿಂದಿದ್ದವರು ತಮ್ಮ ತಮ್ಮ ಚಪ್ಪಲಿ ಹುಡುಕಿ ಹಾಕಿಕೊಂಡು ರೋಗಿಗಳ ರಟ್ಟೆ ಹಿಡಿದರು. ಗಾರೆಯವನು ಹೋಗಲಿಲ್ಲ. ಸೊಸೆಯೂ ಹೋಗಲಿಲ್ಲ. ಕೊನೆಗೆ ಬಾಗಿಲ ಮುಂದೆ ಉಳಿದದ್ದು ಕಂದು ಜೋಡಿಯೊಂದೇ.

“ಇದು ಯಾರದು?” ಜವಾನ ಕೂಗಿದ. ಕಾರಿಡಾರು ಅದನ್ನೇ ಇನ್ನೊಮ್ಮೆ ಕೂಗಿತು. ಯಾರೂ ಬರಲಿಲ್ಲ.

“ನಮ್ಮದು,” ಎಂದಳು ಸೊಸೆ.

ಮಾತು ಬಾಯಿಂದ ಬಿದ್ದ ಮೇಲೆಯೇ ತಾನು ಏನಂದೆ ಎಂದು ಅವಳಿಗೆ ಗೊತ್ತಾಯಿತು. ಗಾರೆಯವನು ಅವಳನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ. ಅವನು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾಕೋ ಹೇಳಲಿಲ್ಲ, ಹೆಂಡತಿಯ ಪಕ್ಕಕ್ಕೆ ಹೋಗಿ ಕೂತುಬಿಟ್ಟ.

“ನಿಮ್ಮದಾ? ಇಷ್ಟು ದಿನ ಎಲ್ಲಿದ್ರಿ ಹಾಗಾದ್ರೆ?” ಜವಾನ ನಂಬಿದಂತೆಯೂ ಇರಲಿಲ್ಲ, ನಂಬದಂತೆಯೂ ಇರಲಿಲ್ಲ. “ಪೇಶೆಂಟು ಹಾಕ್ಕೊಂಡು ಬರಲಿ. ಬರಿಗಾಲಲ್ಲಿ ಕರಕೊಂಡು ಬಂದು ನಮ್ಮದು ಅಂದ್ರೆ ನಾನು ಬಿಡೋನಲ್ಲ.”

ಸೊಸೆ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಚಪ್ಪಲಿಯನ್ನು ಅವಳ ಪಾದದ ಹತ್ತಿರ ಇಟ್ಟಳು. ಅತ್ತೆ ಕಾಲನ್ನು ಹಿಂದಕ್ಕೆಳೆದುಕೊಂಡಳು. ಸೊಸೆ ಕಿವಿ ಕೊಟ್ಟಳು.

“ಲೇ, ಇನ್ನೊಬ್ಬರ ಪಾಳಿ ಕಣೆ ಅದು.”

“ಇನ್ನೊಬ್ಬರು ಬಂದಿಲ್ಲ ಅತ್ತೆ. ಬಂದ್ರೆ ಕಾಲಿಗೆ ಬೀಳ್ತೀನಿ.”

“ಗಿರಾಕಿಗೆ ಸುಳ್ಳು ಹೇಳೋದು ನಾನೇ ಕಲಿಸಿದ್ದು. ಡಾಕ್ಟರಿಗೂ ಹೇಳು ಅಂತ ಹೇಳಿದ್ನಾ?”

“ನೀವು ನೀರು ಕುಡಿದು ತೋರಿಸಿ. ಈಗಲೇ ಮನೆಗೆ ಹೋಗೋಣ.”

ಅತ್ತೆ ಸೊಸೆಯ ಮುಖ ನೋಡಿದಳು. ಆ ಮುಖದಲ್ಲಿ ಏನು ಕಂಡಳೋ, ನಿಟ್ಟುಸಿರು ಬಿಟ್ಟು ಎಡಗಾಲನ್ನು ತೂರಿಸಿದಳು. ಆಮೇಲೆ ಬಲಗಾಲನ್ನು. ಅಳತೆ ಕೊಟ್ಟು ಹೊಲಿಸಿದಷ್ಟು ಸರಿಯಾಗಿತ್ತು. ಅತ್ತೆಯ ಹುಬ್ಬು ಗಂಟಿಕ್ಕಿತು.

“ಬೆಚ್ಚಗಿದೆ ಕಣೆ,” ಎಂದಳು.

“ಏನು?”

“ಚಪ್ಪಲಿ. ಈಗ ತಾನೇ ಯಾರೋ ಕಾಲು ತೆಗೆದ ಹಾಗಿದೆ.”

ಸೊಸೆ ಬಲಗಾಲಿನ ಹಿಮ್ಮಡಿಯನ್ನು ಸ್ವಲ್ಪ ಎತ್ತಿ ಬೆರಳಿಟ್ಟು ನೋಡಿದಳು. ಮದುವೆಯಾಗಿ ಬಂದಾಗಿನಿಂದ ಇಸ್ತ್ರಿಪೆಟ್ಟಿಗೆ ಹಿಡಿದ ಕೈ ಅದು. ಮಡಿಸಿಟ್ಟ ಬಟ್ಟೆ ಮುಟ್ಟಿದರೆ ಅದು ಕೆಂಡದ ಬಿಸಿಯೋ, ಬಿಸಿಲಿನದೋ, ಮೈಯಿಂದ ಕಳಚಿದ್ದೋ ಎಂದು ಕಣ್ಣು ಮುಚ್ಚಿ ಹೇಳುವವಳು. ಆ ಕಾರಿಡಾರಿನಲ್ಲಿ ಬಿಸಿಲು ಬೀಳುತ್ತಿರಲಿಲ್ಲ. ನೆಲ ತಣ್ಣಗೆ ಕೊರೆಯುತ್ತಿತ್ತು. ಇದು ಮೈ ಬಿಸಿ. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ಬರ್ತೀರೋ ಇಲ್ವೋ?” ಎಂದ ಜವಾನ.

ಡಾಕ್ಟರು ಸೊಸೆಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸುಸ್ತಾಗಿದ್ದರೂ ಮುಖ ಸಿಂಡರಿಸದೆ, ಟಾರ್ಚು ಬಿಟ್ಟು ಅತ್ತೆಯ ಬಾಯೊಳಗೆ ತುಂಬ ಹೊತ್ತು ನೋಡಿದಳು, ಕತ್ತಿನ ಎರಡೂ ಬದಿ ಒತ್ತಿ ನೋಡಿದಳು. “ಇವತ್ತು ಬಂದದ್ದು ಒಳ್ಳೇದಾಯ್ತು. ಇನ್ನು ತಡ ಮಾಡಿದ್ರೆ ನಮ್ಮ ಕೈಲೂ ಇರ್ತಿರಲಿಲ್ಲ,” ಎಂದಳು. “ಈಗಲೇ ಸೇರಿಸಿಕೊಳ್ತೀವಿ. ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡೋಣ, ಗಂಟಲಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ. ಮೇಲಿನ ವಾರ್ಡಿಗೆ ಕರಕೊಂಡು ಹೋಗಿ.” ಸೊಸೆಗೆ ಅಲ್ಲೇ ಅಳು ಬಂತು. ಇಷ್ಟಕ್ಕೆ ತಾನೇ ಅವಳು ಬೆಳಗಾಗುವ ಮುಂಚೆ ಎದ್ದು ಬಂದದ್ದು.

ಹೊರಗೆ ಬಂದಾಗ ಗಾರೆಯವನೂ ಅವನ ಹೆಂಡತಿಯೂ ಹೋಗಿಬಿಟ್ಟಿದ್ದರು. ಸೊಸೆ ನೆಲದ ಮೇಲಿದ್ದ ನೀಲಿ ಹವಾಯಿಯನ್ನು ಎತ್ತಿಕೊಂಡು, “ಅತ್ತೆ, ಇದನ್ನ ಹಾಕ್ಕೊಳ್ಳಿ. ಅದನ್ನ ಇಲ್ಲೇ ಬಿಟ್ಟು ಹೋಗೋಣ,” ಎಂದು ತಿರುಗಿ ನೋಡಿದರೆ ಅತ್ತೆ ಅಲ್ಲಿರಲಿಲ್ಲ. ಅಷ್ಟು ದೂರದಲ್ಲಿ ನಡೆಯುತ್ತಿದ್ದಳು.

ಬೆಳಗ್ಗೆ ಗೇಟಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಹೆಜ್ಜೆಹೆಜ್ಜೆಗೂ ನಿಂತು, ಸೊಸೆಯ ಭುಜಕ್ಕೆ ಪೂರ್ತಿ ಭಾರ ಬಿಟ್ಟಿದ್ದವಳು ಈಗ ಗೋಡೆಯನ್ನೂ ಹಿಡಿಯದೆ ಹೋಗುತ್ತಿದ್ದಳು. ಸೊಸೆ ಚೀಲ, ಹವಾಯಿ, ನೀರಿನ ಬಾಟಲಿ ಎಲ್ಲ ಅವುಚಿಕೊಂಡು ಹಿಂದೆ ಓಡಿದಳು. “ನಿಂತ್ಕೊಳ್ಳಿ ಅತ್ತೆ, ದಾರಿ ಕೇಳೋಣ.” ಅತ್ತೆ ನಿಲ್ಲಲಿಲ್ಲ. ವಾರ್ಡಿಗೆ ದಾರಿ ಎಂದು ಬರೆದ ಬಾಣ ನೇರಕ್ಕೆ ತೋರಿಸುತ್ತಿತ್ತು. ಅತ್ತೆ ಅದರತ್ತ ತಲೆಯೆತ್ತದೆ ಎಡಕ್ಕೆ ಹೊರಳಿದಳು. ಹಾಸಿಗೆ, ಹಳೇ ಸ್ಟ್ರೆಚರು ಪೇರಿಸಿಟ್ಟ ಕತ್ತಲೆ ಕೋಣೆಯೊಂದನ್ನು ಹಾದು, ಅದರ ಹಿಂದಿನ ಕಿರಿದಾದ ಮೆಟ್ಟಿಲು ಹತ್ತಿದಳು. ಅತ್ತೆ ಈ ಕಟ್ಟಡದಲ್ಲಿ ಗಂಟಲಿನ ಡಾಕ್ಟರ ಬಾಗಿಲಿನಿಂದಾಚೆಗೆ ಕಾಲಿಟ್ಟವಳೇ ಅಲ್ಲ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಎಲ್ಲೂ ತಡವರಿಸಲಿಲ್ಲ. ಹತ್ತಿ ಬಂದರೆ ಎದುರಿಗೇ ವಾರ್ಡು.

“ಬಂದ್ರಾ,” ಎಂದಳು ನರ್ಸು, ಕೈಯಲ್ಲಿದ್ದ ಕೆಲಸ ಬಿಡದೆ. “ಕಿಟಕಿ ಪಕ್ಕದ ಮಂಚ ಯಾರಿಗೂ ಕೊಟ್ಟಿಲ್ಲ.”

ಡಾಕ್ಟರು ಫೋನು ಮಾಡಿರಬೇಕು ಎಂದುಕೊಂಡಳು ಸೊಸೆ. ಬೇರೆ ಏನು ತಾನೆ ಅಂದುಕೊಳ್ಳಬಹುದು? ಅತ್ತೆ ಆಗಲೇ ಮಂಚ ತಲುಪಿದ್ದಳು. ಕೂತು, ಕೆಳಗೆ ನೋಡದೆಯೇ ಚಪ್ಪಲಿ ಕಳಚಿ, ಮಂಚದ ಕಾಲಿಗೂ ತಗಡಿನ ಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ ಪಾದದಿಂದಲೇ ಸರಿಸಿಟ್ಟಳು. ನರ್ಸು ಬಂದು ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದಳು. “ನಳಿಗೆ ಹಾಕೋಕೆ ಡಾಕ್ಟರು ಬರ್ತಾರೆ. ಅಲ್ಲಿವರೆಗೆ ಬೇಕಿದ್ರೆ ತುಟಿ ಒದ್ದೆ ಮಾಡಿ, ಹೆಚ್ಚು ಬೇಡ,” ಎಂದು ಹೇಳಿ ಹೋದಳು.

ಮಂಚ ಸಿಕ್ಕಿತ್ತು, ಬಾಟಲಿ ಹನಿ ಹನಿ ಇಳಿಯುತ್ತಿತ್ತು. ಆದರೂ ಸೊಸೆಗೆ ಹೆದರಿಕೆಯಾಯಿತು. ಈ ಚಪ್ಪಲಿ ಒಂದು ಆ ಸಾಲಿಗೆ ವಾಪಸ್ಸು ಹೋದರೆ ಎಲ್ಲ ಸರಿಹೋಗುತ್ತದೆ ಅನ್ನಿಸಿತು. ಬಗ್ಗಿ ಸಂದಿಗೆ ಕೈ ಹಾಕಿದಳು.

“ಅದನ್ನ ಮುಟ್ಟಬೇಡಿ.”

ಸೊಸೆ ಹಿಂದಕ್ಕೆ ತಿರುಗಿದಳು. ಹಿಂದೆ ಯಾರೂ ಇರಲಿಲ್ಲ. ಮಾತಾಡಿದ್ದು ಅತ್ತೆ. ಪಿಸುಮಾತಲ್ಲ, ಕಂಠ. ಎಷ್ಟೋ ಕಾಲದಿಂದ ಸೊಸೆ ಕೇಳಲು ಹಂಬಲಿಸಿದ್ದ ಕಂಠವೇ ಅದು, ಕೊಂಚ ಒಡೆದಿತ್ತು, ಅಷ್ಟೇ. ಅತ್ತೆ ದಿಂಬಿಗೊರಗಿ ಅವಳನ್ನೇ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ಬಸ್ಸಿನಲ್ಲಿ ಪಕ್ಕ ಕೂತವರನ್ನು ನೋಡುವಂತೆ.

“ನೀವು ಯಾರ ಕಡೆಯವರಮ್ಮ?”

ಮದುವೆಯಾದ ಮಾರನೆಯ ಬೆಳಗ್ಗೆ “ಲೇ, ಕೆಂಡ ಹಾಕು” ಎಂದು ಶುರುವಾದದ್ದು. ಆವತ್ತಿನಿಂದ ಇವತ್ತಿನವರೆಗೆ ಅತ್ತೆ ಅವಳನ್ನು ಬೈದಿದ್ದಳು, ಹೊಗಳಿದ್ದಳು, ಜ್ವರ ಬಂದಾಗ ತಲೆ ಹಿಡಿದು ಕೂತಿದ್ದಳು. ನೀವು ಎಂದು ಒಂದು ದಿನ ಕರೆದವಳಲ್ಲ. ಸೊಸೆ ಸಂದಿಯಿಂದ ಕೈ ಹೊರಗೆಳೆದಳು. ನಾನು ನಿಮ್ಮ ಸೊಸೆ ಎನ್ನಲು ಬಾಯಿ ತೆರೆದಳು. ಆ ನೋಟದ ಮುಂದೆ ಅದು ಹೊರಡಲಿಲ್ಲ.

“ನಿಮ್ಮ ಕಡೆಯವಳೇ,” ಎಂದಳು.

ಅತ್ತೆ ಯೋಚಿಸಿದಳು. “ನಮ್ಮ ಕಡೆಯವರು ಯಾರೂ ಬರಲೇ ಇಲ್ಲವಲ್ಲಮ್ಮ,” ಎಂದಳು ಸಾವಕಾಶವಾಗಿ. “ಈ ಮಂಚದಿಂದಿಳಿದು ಹೋಗಿ, ಸಾಲಲ್ಲಿ ಚಪ್ಪಲಿ ಬಿಟ್ಟು, ಬರ್ತಾರೆ ಬರ್ತಾರೆ ಅಂತ ಎಷ್ಟು ಕಾದೆ. ಒಬ್ಬಳೇ ಒಳಗೆ ಹೋಗೋಕೆ ಧೈರ್ಯ ಬರಲಿಲ್ಲ.”

ಆಚೆ ಮಂಚದ ಕಡೆಯವರು ಯಾರೋ ಸ್ಟೂಲು ಎಳೆದರು. ಕಿಟಕಿಯಾಚೆ ಆಂಬುಲೆನ್ಸೊಂದು ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತಿತ್ತು. ಓಡಿಹೋಗಿ ನರ್ಸನ್ನು ಕರೆಯಬೇಕು ಎಂದು ಸೊಸೆಗೆ ಅನ್ನಿಸಿತು. ಕಾಲು ಬಾಗಿಲ ಕಡೆ ತಿರುಗಿಯೂ ತಿರುಗಿತು. ಆದರೆ ಮಂಚದ ಮೇಲಿದ್ದ ಆ ಮುಖ ಅಷ್ಟೊಂದು ದಣಿದಿತ್ತು.

“ಬಂದಿದ್ದೀನಲ್ಲ,” ಎಂದಳು.

ಅತ್ತೆ ಸೂಜಿ ಚುಚ್ಚಿದ ಕೈಯನ್ನು ಜೋಪಾನವಾಗಿ ಎತ್ತಿಕೊಂಡು ಒಂದಿಷ್ಟು ಆಚೆ ಸರಿದು ಜಾಗ ಮಾಡಿದಳು. “ಕೂತ್ಕೊಳ್ಳಿ. ಎಷ್ಟು ಹೊತ್ತಿಂದ ನಿಂತಿದ್ದೀರೋ ಏನೋ.”

ಸೊಸೆ ಕೂತಳು. ಬಾಟಲಿಯ ಮುಚ್ಚಳ ತೆಗೆದು, ಚೀಲದಿಂದ ಚಮಚ ಹುಡುಕಿ, ಅದರ ತುದಿಯಲ್ಲಿ ಒಂದು ತೊಟ್ಟು ನೀರು ತೆಗೆದುಕೊಂಡಳು. ಅತ್ತೆ ಗುರುತಿಲ್ಲದವರ ಮುಂದೆ ನಾಚಿದಂತೆ ಸ್ವಲ್ಪವೇ ಬಾಯಿ ತೆರೆದಳು. ಚಮಚ ಹಲ್ಲಿಗೆ ತಾಗದ ಹಾಗೆ ಹಿಡಿದು, ಸೊಸೆ ಆ ಒಂದು ತೊಟ್ಟು ಗಂಟಲಲ್ಲಿ ಇಳಿಯುವುದನ್ನೇ ನೋಡುತ್ತ ಕೂತಳು.