ಹದಿನೇಳು ನಡೆಯುತ್ತಿದೆ

"ಶಿ ಈಸ್ ಸೆವೆಂಟೀನ್," ಎಂದು ಜಯಶೀಲಾ ಕೆನಡಾದ ಒಶಾವಾ ಊರಿನ ಗೇಮ್ ಅಂಗಡಿಯಲ್ಲಿ ಧೈರ್ಯವಾಗಿ ಹೇಳಿಬಿಟ್ಟಳು. ಕೌಂಟರಿನ ಹುಡುಗಿ ಮಗಳು ಅಕ್ಷರಾಳ ಗುರುತಿನ ಕಾರ್ಡು ನೋಡಿ ಇಲ್ಲವೆಂದು ತಲೆಯಾಡಿಸಿದಳು. ಆ ಗೇಮ್ ಹದಿನೇಳು ತುಂಬಿದವರಿಗೆ ಮಾತ್ರ; ಅಕ್ಷರಾಳಿಗೆ ಹದಿನೇಳಾಗಲು ಇನ್ನೂ ನಾಲ್ಕು ತಿಂಗಳಿತ್ತು.

ಜಯಶೀಲಾ ಸುಳ್ಳು ಹೇಳಿರಲಿಲ್ಲ. ಅವಳ ಧಾರವಾಡದಲ್ಲಿ ಹದಿನಾರು ತುಂಬಿದ ಮರುದಿನದಿಂದಲೇ ಮಗಳಿಗೆ ಹದಿನೇಳು ನಡೆಯುತ್ತಿದೆ ಎನ್ನುತ್ತಾರೆ.

"ಈಗ ನಾನೇ ಸುಳ್ಳುಗಾರ್ತಿ ಥರ ಕಾಣ್ತೀನಿ," ಎಂದು ಅಕ್ಷರಾ ಇಂಗ್ಲಿಷಿನಲ್ಲಿ ಸಿಡುಕಿದಳು. "ಕಾರು ಕಲಿಯೋಕೆ ಲೈಸೆನ್ಸ್ ಕೊಟ್ಟಿದ್ದಾರೆ, ಗೇಮ್ ಮಾತ್ರ ಕೊಡಲ್ಲ. ನಾಲ್ಕು ತಿಂಗಳಲ್ಲಿ ನನಗೇನು ಕೊಂಬು ಬರುತ್ತಾ?"

ತಾಯಿಯೇ ಕೊಳ್ಳುವುದಾದರೆ ಅಡ್ಡಿಯಿಲ್ಲ, ಒಳಗೇನಿದೆ ಎಂದು ನಿಮಗೆ ಗೊತ್ತು ತಾನೆ, ಎಂದು ಕೌಂಟರಿನ ಹುಡುಗಿ ಡಬ್ಬಿ ತಿರುಗಿಸಿ ತೋರಿಸಿದಳು. ರಕ್ತ, ಹಿಂಸೆ ಎಂದು ಬರೆದಿತ್ತು.

ಜಯಶೀಲಾಗೆ ಗೊತ್ತಿರಲಿಲ್ಲ. ಆರು ತಿಂಗಳಿಂದ ಮಗಳ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಇವತ್ತು ಅವಳಾಗಿಯೇ ಬಂದು ಅಂಗಡಿಗೆ ಕರೆದಿದ್ದಳು. ಬೇಡವೆಂದರೆ ಇನ್ನು ಕರೆಯಲಿಕ್ಕಿಲ್ಲ. ಹೂಂ ಎನ್ನುವುದು ಸುಲಭವಿತ್ತು. ಆದರೆ ತನ್ನ ಮದುವೆಗೂ ಹಿರಿಯರು ಹಾಗೇ, ಒಳಗೇನಿದೆ ಎಂದು ನೋಡದೆ, ಹೂಂ ಅಂದಿದ್ದರು.

"ನನಗ ಗೊತ್ತಿಲ್ಲ. ನೀನ ಹೇಳವಾ."

ಅಕ್ಷರಾ ಕೌಂಟರಿನ ಕಡೆ ನೋಡಿದಳು. ಆ ಹುಡುಗಿಗೆ ತಿಳಿಯಬಾರದೆಂದೋ ಏನೋ, ದನಿ ತಗ್ಗಿಸಿ ಕನ್ನಡಕ್ಕೆ ಇಳಿದಳು. ಮಗಳ ಬಾಯಲ್ಲಿ ಕನ್ನಡ ಕೇಳಿ ಎಷ್ಟು ಕಾಲವಾಗಿತ್ತೋ.

"ಒಂದು ಹುಡುಗಿ ಅದಾಳ. ಅಕಿ ಊರು ಸುಟ್ಟಾರ. ತಂಗಿ ಕಳದಾಳ, ಹುಡುಕಬೇಕು."

"ರಕ್ತ?"

"ಬರ್ತದ. ಸೋಲ್ಜರ್ಸ್ ಬಂದ್ರ ಬಡೀಬೇಕು. ಆದ್ರ ಅಡಗಿ ಕೂತ್ರ ಬಡೀದನೂ ಹೋಗಬಹುದು. ನಾ ಹಂಗ ಆಡಾಕಿ, ವಿಡಿಯೋದಾಗ ನೋಡೀನಿ. ದಾರ್ಯಾಗ ಒಬ್ಬ ಮುದುಕಿ ಸಿಗ್ತಾಳ, ಅಕಿನ್ನ ಎತ್ಕೊಂಡು ಹೋಗ್ಬೇಕು."

"ಬೆನ್ನ ಮ್ಯಾಲೇನ?"

"ಹೂಂ. ದಾರಿತುಂಬ ಬೈತಾಳ ಮುದುಕಿ."

ಜಯಶೀಲಾಗೆ ನಗು ಬಂತು. ಹಿಂದೆ ನಿಂತವರು ಕೆಮ್ಮಿದರು. ಅವಳು ಅವಸರ ಮಾಡಲಿಲ್ಲ, ಇನ್ನೆರಡು ಪ್ರಶ್ನೆ ಕೇಳಿದಳು. ಆಮೇಲೆ ಕೌಂಟರಿಗೆ ತಿರುಗಿ, "ನೌ ಐ ನೋ," ಎಂದು ಡಬ್ಬಿಯನ್ನು ಮುಂದೆ ಸರಿಸಿದಳು.

ಹೊರಗೆ ಬಂದ ಮೇಲೆ ಕೇಳಿದಳು, "ಇಬ್ಬರು ಕೂಡಿ ಆಡಬಹುದೇನ?"

"ಆಡಬಹುದು. ಆದ್ರ ನೀ ಎರಡ ಮಿನಿಟಿಗೆ ಸಾಯ್ತಿ, ಅಮ್ಮ."

"ಸತ್ತರ ಎಬ್ಬಿಸು."

"ಎಬ್ಬಿಸ್ತೀನಿ," ಎಂದಳು ಅಕ್ಷರಾ, ಗಂಭೀರವಾಗಿಯೇ. "ಅದಕ್ಕೊಂದು ಬಟನ್ ಅದ."